ದಾರಿ ಕೇಳಿದವರಿಗೆ ದೂರಿನ ಫಾರ್ಮ್

ನಾನು ಚಾಟ್‌ಬಾಟ್ ಕೆಲಸಕ್ಕೆ ಕೈಹಾಕಿದಾಗ ನಮ್ಮಲ್ಲಿ ಇದ್ದದ್ದು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಇಫ್-ಎಲ್ಸ್ ('ಹೀಗೆ ಕೇಳಿದರೆ ಹೀಗೆ ಹೇಳು') ಸಾಲುಗಳಿಂದ ತುಂಬಿದ ಒಂದು ಉದ್ದನೆಯ ಫೈಲು. ಬಾಟ್ ಬೇಕಾಗಿದ್ದದ್ದು ಪಂಪ್‌ಸೆಟ್ ಮಾರಿ, ರಿಪೇರಿಯನ್ನೂ ಮಾಡಿಕೊಡುವ ಒಂದು ಸಂಸ್ಥೆಗೆ. ಅದರ ಜೊತೆ ಮಾತಾಡುವವರು ರೈತರು. "ಮೋಟಾರ್ ಸುಟ್ಟೋಗಿದೆ", "ಮೋಟ್ರು ಓಡ್ತಿಲ್ಲ", "ನೀರೇ ಎತ್ತುತ್ತಿಲ್ಲ" ಅಂತ ಒಂದೇ ಸಮಸ್ಯೆಯನ್ನು ಹತ್ತು ಥರ ಬರೆಯುತ್ತಿದ್ದರು. ಪ್ರತಿಯೊಂದಕ್ಕೂ ಒಂದೊಂದು ಸಾಲು ಸೇರಿಸುತ್ತಾ ಹೋದರೆ ಮುಗಿಯುವ ಕೆಲಸವಲ್ಲ.

ಆಗ ರಾಸಾ ಎಂಬ, ಚಾಟ್‌ಬಾಟ್ ಕಟ್ಟುವ ಓಪನ್ ಸೋರ್ಸ್ ಫ್ರೇಮ್‌ವರ್ಕ್‌ಗೆ ಬದಲಾದೆವು. ನಿಜಕ್ಕೂ ಹೊರೆ ಇಳಿಯಿತು. ಪ್ರತಿ ಉದ್ದೇಶಕ್ಕೂ, ಅಂದರೆ ಇಂಟೆಂಟ್‌ಗೂ, ಒಂದಷ್ಟು ಮಾದರಿ ವಾಕ್ಯ ಬರೆದುಕೊಟ್ಟು ಟ್ರೈನ್ ಮಾಡಿದರೆ ಹೊಸ ವಾಕ್ಯ ಯಾವ ಗುಂಪಿಗೆ ಸೇರುತ್ತದೆ ಅಂತ ಅದೇ ಊಹಿಸುತ್ತದೆ. ಸೀರಿಯಲ್ ನಂಬರ್, ಊರು, ಫೋನ್ ನಂಬರ್ ಬೇಕೆಂದು ಫಾರ್ಮಿನಲ್ಲಿ ಹೇಳಿಟ್ಟರೆ ಒಂದೊಂದಾಗಿ ಕೇಳಿ ತುಂಬಿಸಿಕೊಳ್ಳುತ್ತದೆ. ಟೆಲಿಗ್ರಾಂಗೆ ಜೋಡಿಸಲು ಕ್ರೆಡೆನ್ಷಿಯಲ್ಸ್ ಫೈಲಿನಲ್ಲಿ ಕೆಲವೇ ಸಾಲು ಸಾಕು.

ತಪ್ಪಾದದ್ದು ರಾಸಾದ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲಿನಲ್ಲಿ, ಮಾಡಿದವನು ನಾನೇ. ಅದರಲ್ಲಿ ಕೌಂಟ್‌ವೆಕ್ಟರ್ಸ್‌ಫೀಚರೈಸರ್ ಅನ್ನುವ ಹೆಸರು, ಅಂದರೆ ವಾಕ್ಯವನ್ನು ತುಣುಕು ಮಾಡಿ ಎಣಿಸಿ ಮಾಡೆಲ್‌ಗೆ ಕೊಡುವ ಭಾಗ, ಎರಡು ಸಲ ಇರುತ್ತದೆ. ಯಾರೋ ಕಾಪಿ ಮಾಡುವಾಗ ಎರಡೆರಡು ಸಲ ಬಂದಿರಬೇಕು, ಒಂದು ತೆಗೆದರೆ ಟ್ರೈನಿಂಗ್ ಬೇಗ ಮುಗಿಯುತ್ತದೆ ಅಂದುಕೊಂಡು ಎರಡನೆಯದನ್ನು ಅಳಿಸಿಬಿಟ್ಟೆ.

ಲೈವ್ ಆದ ಮೂರನೇ ದಿನ ಒಬ್ಬರು ಬಸ್ ಸ್ಟ್ಯಾಂಡಿನಲ್ಲಿ ನಿಂತು "ದಾರಿ ಹೇಳಿ" ಅಂತ ಟೈಪ್ ಮಾಡಿದ್ದರು. ಬಾಟ್ "ನಿಮ್ಮ ದೂರು ದಾಖಲಿಸಲು ಪಂಪಿನ ಸೀರಿಯಲ್ ನಂಬರ್ ಕೊಡಿ" ಅಂದಿತು. ಅವರು ಮತ್ತೆ ದಾರಿ ಕೇಳಿದರು, ಅದು ಮತ್ತೆ ನಂಬರ್ ಕೇಳಿತು. ಹೀಗೆ ನಾಲ್ಕು ಸಲ. ಆ ಸಂಭಾಷಣೆಯನ್ನು ಲಾಗಿನಲ್ಲಿ ಓದುವಾಗ ತುಂಬಾ ಬೇಜಾರಾಯಿತು. ಕೆಟ್ಟ ಪಂಪನ್ನು ಹೊತ್ತು ಬಂದಿದ್ದರೋ ಏನೋ.

ಮೊದಲು ನಾನು ಮಾದರಿ ವಾಕ್ಯ ಹೆಚ್ಚಿಸಿದೆ. ಏನೂ ಬದಲಾಗಲಿಲ್ಲ. ನಮ್ಮ ಸೀನಿಯರ್ ಬಂದು ನೋಡಿ, "ವಾಕ್ಯ ಆಮೇಲೆ ಸೇರಿಸುವಿಯಂತೆ, ಅದರ ಕಣ್ಣಿಗೆ ಏನು ಬೀಳ್ತಿದೆ ನೋಡಪ್ಪ ಮೊದಲು" ಅಂದರು. ಉಳಿದಿದ್ದ ಮೊದಲ ಸಾಲು ಪದಗಳನ್ನು ಬಿಡಿಸಲು ಬಳಸುವ ರೆಗ್ಯುಲರ್ ಎಕ್ಸ್‌ಪ್ರೆಶನ್ನಿಗೆ (ಪಠ್ಯದಲ್ಲಿ ಹುಡುಕುವ ನಮೂನೆಗೆ) "ದಾರಿ ಹೇಳಿ" ಕೊಟ್ಟು ಪ್ರಿಂಟ್ ಮಾಡಿದೆ. ಬಂದದ್ದು: ದ, ರ, ಹ, ಳ. "ದೂರು ಹೇಳಿ" ಕೊಟ್ಟೆ. ಅದೇ ದ, ರ, ಹ, ಳ!

ಇಂಥ ನಮೂನೆಗಳನ್ನು ಹುಡುಕುವ ಪೈಥಾನಿನ ಆರ್‌ಇ ಮಾಡ್ಯೂಲ್ 'ಪದದ ಅಕ್ಷರ' ಅಂತ ಲೆಕ್ಕ ಹಾಕುವಾಗ ಯೂನಿಕೋಡಿನ ಅಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್ ಮಾತ್ರ ಒಪ್ಪುತ್ತದೆ. ನಮ್ಮ ಕಾಗುಣಿತದ ಚಿಹ್ನೆಗಳು, ಅನುಸ್ವಾರ, ಒತ್ತಕ್ಷರ ಮೂಡಿಸುವ 'ವಿರಾಮ' ಎಂಬ ಚಿಹ್ನೆ (್), ಇವೆಲ್ಲ ಯೂನಿಕೋಡಿನಲ್ಲಿ 'ಮಾರ್ಕ್' ವರ್ಗಕ್ಕೆ ಸೇರಿವೆ. ಹಾಗಾಗಿ ಪದ ಅಲ್ಲಲ್ಲೇ ತುಂಡಾಗಿ ಚಿಹ್ನೆಯಿಲ್ಲದ ಮೂಲ ಅಕ್ಷರಗಳು ಮಾತ್ರ ಉಳಿಯುತ್ತವೆ. ನೀರೂ ನೂರೂ ಒಂದೇ, ಬಿಲ್ಲೂ ಬೆಲೆಯೂ ಹತ್ತಿರ ಹತ್ತಿರ. ಹೀಗಿರುವಾಗ ಸಾವಿರ ಮಾದರಿ ಕೊಟ್ಟರೂ ಮಾಡೆಲ್ ಹೇಗೆ ತಾನೇ ಕಲಿಯಬೇಕು?

ನಾನು ಅಳಿಸಿದ ಎರಡನೇ ಸಾಲಿನ ಕೆಲಸವೇ ಬೇರೆ. ಅದು ಪದದ ಲೆಕ್ಕ ಬಿಟ್ಟು, ಒಂದರಿಂದ ನಾಲ್ಕು ಕ್ಯಾರೆಕ್ಟರ್‌ಗಳ ತುಣುಕುಗಳನ್ನು ಎಣಿಸುತ್ತದೆ. ಚಿಹ್ನೆಗಳೂ ಅದರ ಲೆಕ್ಕಕ್ಕೆ ಬರುತ್ತವೆ. ಮರಳಿ ಹಾಕಿದ ಕೂಡಲೇ ದಾರಿಯೂ ದೂರೂ ಬೇರೆಯಾದವು. ಪಂಪಿಗೆ, ಪಂಪಿನ, ಪಂಪಲ್ಲಿ ಅನ್ನುವ ವಿಭಕ್ತಿ ರೂಪಗಳಿಗೆಲ್ಲ ಮೊದಲ ತುಣುಕು ಒಂದೇ ಆದ್ದರಿಂದ ಅವನ್ನೂ ಹಿಡಿಯತೊಡಗಿತು. ಕನ್ನಡದಂಥ ಪ್ರತ್ಯಯ ಅಂಟಿಕೊಳ್ಳುವ ಭಾಷೆಗೆ ಇದು ದೊಡ್ಡ ಅನುಕೂಲ. 'ದೂರು' ಅನ್ನುವ ಪುಟ್ಟ ಪದವೇ ಕಂಪ್ಯೂಟರಿನ ಲೆಕ್ಕದಲ್ಲಿ ನಾಲ್ಕು ಕ್ಯಾರೆಕ್ಟರ್, 'ರಿಪೇರಿ' ಆರು. ಅದಕ್ಕೇ ತುಣುಕಿನ ಉದ್ದದ ಮಿತಿಯನ್ನು ನಾಲ್ಕರಿಂದ ಆರಕ್ಕೆ ಏರಿಸಿದೆವು.

ಈಗ ನಮ್ಮ ಪ್ರತಿ ಕನ್ನಡ ಬಾಟಿನ ಟೆಸ್ಟ್ ಫೈಲ್ ಶುರುವಾಗುವುದೇ ದಾರಿ-ದೂರು, ನೀರು-ನೂರು ಜೋಡಿಗಳಿಂದ. ಟೀಮಿಗೆ ಹೊಸದಾಗಿ ಬಂದವರಿಗೆ ಮೊದಲ ದಿನ ಮಾದರಿ ವಾಕ್ಯ ಬರೆಯಲು ಹೇಳುವುದಿಲ್ಲ. ತಮ್ಮ ಊರಿನ ಹೆಸರನ್ನು ಆ ರೆಗ್ಯುಲರ್ ಎಕ್ಸ್‌ಪ್ರೆಶನ್ನಿಗೆ ಕೊಟ್ಟು, ಏನು ಉಳಿಯಿತು ನೋಡಿ ಅನ್ನುತ್ತೇನೆ.