ವೀಲ್ ತೊಳೆಯೋಕೆ ಬಾಟಲಿ ಎತ್ತುವ ಮೊದಲು

ನಾನು ಉಜಿರೆ ಕಡೆ ಒಂದು ಕಾರ್ ವಾಶ್‌ನಲ್ಲಿ ಕೆಲಸ ಮಾಡುತ್ತೇನೆ. ಗಿರಾಕಿಗಳು ಜಾಸ್ತಿ ಕೇಳುವ ಪ್ರಶ್ನೆ, "ವೀಲ್‌ಗೆ ಯಾವ ಕ್ಲೀನರ್ ಒಳ್ಳೇದು?" ಅಂತ. ಒಂದು ಹೆಸರು ಹೇಳಿ ಮುಗಿಸೋಣ ಅಂದರೆ ಆಗಲ್ಲ. ನಿಮ್ಮ ವೀಲ್ ಎಂಥದ್ದು, ಅದರ ಮೇಲೆ ಕೂತಿರೋದು ಏನು, ಇವೆರಡು ಗೊತ್ತಿಲ್ಲದೆ ಯಾವ ಬಾಟಲಿ ಕೊಟ್ಟರೂ ಅದು ಅಂದಾಜಿನ ಮೇಲೆ ಕೊಟ್ಟ ಔಷಧಿ. ಕೆಲಸಕ್ಕೆ ಸೇರುವ ಹೊಸ ಹುಡುಗರಿಗೂ ನಾವು ಮೊದಲು ಹೇಳಿಕೊಡೋದು ನೋಡೋದನ್ನೇ. ಉಜ್ಜೋದು ಆಮೇಲೆ.

ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ಎರಡು ಥರ ಇವೆ. ಊರಿನ ಗಾಡಿಗಳ ವೀಲ್ ತುಂಬಾ ಕೆಂಪು ಮಣ್ಣು. ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಬರುವ ಗಾಡಿಗಳಲ್ಲಿ, ಅದರಲ್ಲೂ ಮುಂದಿನ ಎರಡು ವೀಲ್‌ನಲ್ಲಿ, ಕಪ್ಪು ಪುಡಿ. ದೂರದಿಂದ ಎರಡೂ ಬರೀ ಕೊಳೆ. ತೊಳೆಯೋಕೆ ಕೂತಾಗ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಕೆಂಪು ಮಣ್ಣಿಗೆ ಬೇಕಾದ್ದು ನೀರು ಮತ್ತು ತಾಳ್ಮೆ, ಅಷ್ಟೇ. ಚೆನ್ನಾಗಿ ನೆನೆಸಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ನೀರು ಹೊಡೆದರೆ ಮುಕ್ಕಾಲು ಪಾಲು ತಾನಾಗೇ ಇಳಿಯುತ್ತದೆ. ಉಳಿದದ್ದಕ್ಕೆ ಕಾರ್ ಶಾಂಪೂ ಸಾಕು. ಒಣಗಿದ ಮಣ್ಣನ್ನು ಬಟ್ಟೆಯಲ್ಲಿ ಒರೆಸುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಅದರಲ್ಲಿರುವ ಸಣ್ಣ ಕಲ್ಲಿನ ಚೂರುಗಳು ವೀಲ್ ಮೇಲೆ ಗೀರು ಬೀಳಿಸದೆ ಬಿಡಲ್ಲ. ಕಪ್ಪು ಬಣ್ಣದ ಅಲಾಯ್ ವೀಲ್ ಇದ್ದರಂತೂ ಬಿಸಿಲಲ್ಲಿ ಎಲ್ಲ ಗೀರೂ ಎದ್ದು ಕಾಣುತ್ತದೆ.

ಆ ಕಪ್ಪು ಪುಡಿ ಬೇರೆಯೇ ಜಾತಿ. ಬ್ರೇಕ್ ಒತ್ತಿದಾಗ ವೀಲ್ ಜೊತೆ ತಿರುಗುವ ಡಿಸ್ಕ್‌ಗೆ ಬ್ರೇಕ್ ಪ್ಯಾಡ್ ಉಜ್ಜಿ ಎರಡೂ ಸವೆಯುತ್ತವೆ. ಡಿಸ್ಕ್ ಎರಕದ ಕಬ್ಬಿಣದ್ದು, ಹಾಗಾಗಿ ಪುಡಿಯಲ್ಲಿ ಕಬ್ಬಿಣದ ಕಣ ಇರುತ್ತದೆ, ಜೊತೆಗೆ ಪ್ಯಾಡ್‌ನ ವಸ್ತುವೂ. ಘಾಟಿ ಇಳಿಯುವಾಗ ಇದೆಲ್ಲ ಕೆಂಡದ ಹಾಗೆ ಬಿಸಿಯಾಗಿಯೇ ಹಾರಿ ಬಂದು ವೀಲ್‌ನ ಕ್ಲಿಯರ್ ಕೋಟ್ (ಮೇಲಿನ ಪಾರದರ್ಶಕ ರಕ್ಷಣಾ ಪದರ) ಮೇಲೆ ಕೂರುತ್ತದೆ, ಅದಕ್ಕೇ ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಕರಾವಳಿ ಕಡೆಯ ತೇವದಲ್ಲಿ ಆ ಕಬ್ಬಿಣಕ್ಕೆ ತುಕ್ಕು ಹಿಡಿದು ಸಣ್ಣ ಸಣ್ಣ ಕಿತ್ತಳೆ ಚುಕ್ಕೆ ಬೀಳುತ್ತದೆ. ಗಿರಾಕಿ "ಅಲಾಯ್‌ಗೇ ತುಕ್ಕು ಹಿಡೀತು ಮಾರಾಯ್ರೆ" ಅಂತಾರೆ. ಅಲಾಯ್ ಅಂದರೆ ಅಲ್ಯೂಮಿನಿಯಂ, ಅದಕ್ಕೆ ಕೆಂಪು ತುಕ್ಕು ಬರಲ್ಲ. ತುಕ್ಕು ಹಿಡಿದಿರೋದು ಮೇಲೆ ಕೂತ ಕಬ್ಬಿಣಕ್ಕೆ.

ಮುಂದಿನ ವೀಲೇ ಯಾಕೆ ಜಾಸ್ತಿ ಕಪ್ಪು ಅಂತ ಹಲವರು ಕೇಳುತ್ತಾರೆ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಬ್ರೇಕ್ ಜಾಸ್ತಿ ಕೆಲಸ ಮಾಡುತ್ತದೆ. ನಮ್ಮಲ್ಲಿನ ಎಷ್ಟೋ ಕಾರುಗಳಿಗೆ ಹಿಂದೆ ಇರೋದು ಡ್ರಮ್ ಬ್ರೇಕ್, ಅದರ ಪುಡಿ ಡಬ್ಬಿಯೊಳಗೇ ಉಳಿಯುತ್ತದೆ. ಹಾಗಾಗಿ ನಾಲ್ಕೂ ವೀಲ್‌ಗೆ ಒಂದೇ ಥರ ಕೆಮಿಕಲ್ ಸುರಿಯೋದು ದಂಡ. ಹಿಂದಿನ ಎರಡಕ್ಕೆ ಬರೀ ಶಾಂಪೂ ಸಾಕಾಗುವ ಗಾಡಿಗಳು ದಿನಾ ಬರುತ್ತವೆ. ಘಾಟಿಯನ್ನು ಎರಡನೇ, ಮೂರನೇ ಗೇರ್‌ನಲ್ಲಿ ಎಂಜಿನ್ ಹಿಡಿತದಲ್ಲಿ ಇಳಿಸುವ ಚಾಲಕರ ವೀಲ್ ನೋಡಿದರೆ ಗೊತ್ತಾಗುತ್ತದೆ, ಪುಡಿ ಕಡಿಮೆ ಇರುತ್ತದೆ. ಇಡೀ ದಾರಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬಂದವರದ್ದೂ ಗೊತ್ತಾಗುತ್ತದೆ. ಕೆಲವರದ್ದು ವಾಸನೆಯಲ್ಲೇ ಗೊತ್ತಾಗುತ್ತದೆ!

ಈ ಪುಡಿಗೆ ಇರುವ ಮದ್ದು ಐರನ್ ರಿಮೂವರ್. ಒಳಗಿರೋದು ಥಯೋಗ್ಲೈಕೊಲೇಟ್ ಅನ್ನುವ ಕೆಮಿಕಲ್, ಕೂದಲಿಗೆ ಗುಂಗುರು ಮಾಡುವ ಪರ್ಮಿಂಗ್ ಲೋಷನ್‌ನಲ್ಲಿ ಇರುವ ಕುಟುಂಬದ್ದೇ. ಅದಕ್ಕೇ ಆ ಕೊಳೆತ ಮೊಟ್ಟೆಯಂಥ ನಾತ. ಕಬ್ಬಿಣ ಸಿಕ್ಕ ಕಡೆ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಒಳ್ಳೆಯದರ ಪಿಎಚ್ 7ರ ಆಸುಪಾಸು ಇರುತ್ತದೆ, ಅಂದರೆ ಆ್ಯಸಿಡ್ಡೂ ಅಲ್ಲ, ಕ್ಷಾರವೂ ಅಲ್ಲ, ಕ್ಲಿಯರ್ ಕೋಟ್‌ಗೆ ತೊಂದರೆ ಮಾಡಲ್ಲ. ಆದರೆ ಈ ನೇರಳೆ ಬಣ್ಣದಿಂದ ಒಂದು ತಲೆನೋವೂ ಶುರುವಾಗಿದೆ. ವಿಡಿಯೋದಲ್ಲಿ ನೋಡಿ ಬಂದವರಿಗೆ ನೇರಳೆ ನೀರು ಸುರಿಯಲೇಬೇಕು, ಮೊಬೈಲ್ ಹಿಡಿದು ನಿಂತಿರುತ್ತಾರೆ. ವೀಲ್‌ನಲ್ಲಿ ಕಬ್ಬಿಣ ಇಲ್ಲದಿದ್ದರೆ ಬಣ್ಣ ಎಲ್ಲಿಂದ ಬರಬೇಕು? ಬಣ್ಣ ಬರದಿದ್ದರೆ "ಡುಪ್ಲಿಕೇಟ್ ಮಾಲು" ಅಂತ ಗುಮಾನಿ. ಇನ್ನು ಬಣ್ಣ ಬಂತು ಅಂದಮಾತ್ರಕ್ಕೆ ಎಲ್ಲ ಸ್ವಚ್ಛ ಆಯ್ತು ಅಂತಲೂ ಅಲ್ಲ. ಡಾಂಬರು, ಗ್ರೀಸು, ಸಿಮೆಂಟು ಇದಕ್ಕೆ ಜಗ್ಗಲ್ಲ.

ನಮ್ಮ ಕ್ರಮ ಹೀಗಿದೆ. ಗಾಡಿ ಬಂದ ಕೂಡಲೇ ನೀರು ಹಾಕಲ್ಲ. ವೀಲ್ ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡುತ್ತೇವೆ. ಘಾಟಿ ಇಳಿದು ಬಂದದ್ದಾದರೆ ಕಾವು ಮುಖಕ್ಕೇ ಹೊಡೆಯುತ್ತದೆ. ಚಹಾ ಕುಡಿದು ಬನ್ನಿ ಅಂತ ಗಿರಾಕಿಯನ್ನು ಕಳಿಸಿ ಗಾಡಿಯನ್ನು ನೆರಳಲ್ಲಿ ನಿಲ್ಲಿಸುತ್ತೇವೆ. ಕಾದ ಡಿಸ್ಕ್‌ಗೆ ತಣ್ಣೀರು ಬೀಳಬಾರದು. ಕಾದ ವೀಲ್ ಮೇಲೆ ಬಿದ್ದ ಕೆಮಿಕಲ್ ಅಲ್ಲೇ ಒಣಗಿ ಕಲೆ ಕೂರುತ್ತದೆ. ಅವಸರ ಇರುವವರು ಗೊಣಗುತ್ತಾರೆ. ಗೊಣಗಲಿ, ಚಹಾ ಬೇಕಾದರೆ ನಾವೇ ಕೊಡಿಸುತ್ತೇವೆ.

ತಣಿದ ಮೇಲೆ ವೀಲೇ ಮೊದಲು, ಬಾಡಿ ಆಮೇಲೆ. ಬಾಡಿ ಮೊದಲು ತೊಳೆದರೆ ವೀಲ್ ಉಜ್ಜುವಾಗ ಸಿಡಿಯುವ ಕೊಳೆ ಮತ್ತೆ ಬಾಗಿಲಿಗೆ ಬೀಳುತ್ತದೆ, ಅಷ್ಟರಲ್ಲಿ ಬಾನೆಟ್ ಮೇಲಿನ ನೀರೂ ಒಣಗಿ ಬಿಳಿ ಕಲೆ ಆಗಿರುತ್ತದೆ. ಒಂದು ವೀಲ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕು. ನೀರು ಹೊಡಿ, ಶಾಂಪೂ ಹಾಕು, ಬ್ರಷ್ ಆಡಿಸು, ತೊಳಿ. ಇಷ್ಟರಲ್ಲಿ ಹೋದರೆ ಅಲ್ಲಿಗೇ ಮುಗೀತು, ಐರನ್ ರಿಮೂವರ್ ಬಾಟಲಿ ಮುಟ್ಟುವ ಅಗತ್ಯವೇ ಇಲ್ಲ. ಹೋಗದಿದ್ದರೆ ಆಗ ಅದನ್ನು ಹೊಡೆದು 2-3 ನಿಮಿಷ ಬಿಡುತ್ತೇವೆ. ಒಣಗೋಕೆ ಬಿಡಬಾರದು. ಮೆತ್ತಗಿನ ಬ್ರಷ್ ಆಡಿಸಿ ಧಾರಾಳ ನೀರಲ್ಲಿ ತೊಳೆಯುತ್ತೇವೆ. ಇನ್ನೂ ಉಳಿದರೆ ಎರಡನೇ ಸಲ. ಎರಡು ಸಲಕ್ಕೂ ಹೋಗದೆ ಇರೋದು ಬಹುಶಃ ಕಬ್ಬಿಣ ಅಲ್ಲ, ಬೇರೆ ಏನೋ ಇದೆ, ಬಗ್ಗಿ ನೋಡಬೇಕು.

ಬಗ್ಗಿ ನೋಡಿದರೆ ಸಾಮಾನ್ಯವಾಗಿ ಸಿಗೋದು ಡಾಂಬರು. ಹೊಸದಾಗಿ ಟಾರ್ ಹಾಕಿದ ರಸ್ತೆಯಲ್ಲಿ ಬಂದ ಗಾಡಿಯ ವೀಲ್ ಒಳಗೆ ಕಪ್ಪು ಚುಕ್ಕೆಗಳು ಅಂಟಿರುತ್ತವೆ. ಅದಕ್ಕೆ ಟಾರ್ ರಿಮೂವರ್ ಬೇಕು. ಬಟ್ಟೆಗೆ ಹಾಕಿಕೊಂಡು ಚುಕ್ಕೆ ಮೇಲೆ ಮಾತ್ರ ಒತ್ತಿ ಹಿಡಿದು ಒರೆಸಬೇಕು, ಟೈರ್‌ಗೆ ತಾಗಿಸಬಾರದು. ಸೀಮೆಎಣ್ಣೆ, ಡೀಸೆಲ್ ಹಾಕಿದರೂ ಡಾಂಬರು ಹೋಗುತ್ತದೆ ನಿಜ, ಆದರೆ ಅವು ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತವೆ. ಮಳೆಗಾಲಕ್ಕೆ ಮುಂಚೆ ಗಾಡಿ ಅಡಿಗೆ ಡೀಸೆಲ್ ಸ್ಪ್ರೇ ಮಾಡಿಸೋದು ನಮ್ಮ ಕಡೆ ಹಳೇ ರೂಢಿ. ಈಗಲೂ ಕೇಳಿಕೊಂಡು ಬರುತ್ತಾರೆ. ನಾವು ಮಾಡಲ್ಲ. ಟೈರು, ರಬ್ಬರ್ ಬುಷ್, ಬ್ರೇಕ್ ಎಲ್ಲದರ ಮೇಲೂ ಹಾರುತ್ತದೆ, ತೊಳೆದ ನೀರು ಕೊನೆಗೆ ಯಾರದ್ದೋ ತೋಟಕ್ಕೆ ಹೋಗುತ್ತದೆ.

ಈಗ ಆ್ಯಸಿಡ್ ವಿಷಯ. ನನಗೆ ಜಾಸ್ತಿ ಹೇಳಬೇಕಾಗಿರೋದು ಇದನ್ನೇ. ಎರಡೇ ನಿಮಿಷದಲ್ಲಿ ವೀಲ್ ಫಳಫಳ ಅನ್ನಿಸುವ ನೀರು ಎಲ್ಲ ಊರಲ್ಲೂ ಸಿಗುತ್ತದೆ. ಕ್ಯಾನ್‌ನಲ್ಲಿ ಬರುತ್ತದೆ, ಎಷ್ಟೋ ಸಲ ಲೇಬಲ್ ಕೂಡ ಇರಲ್ಲ. ಗಿರಾಕಿಗೆ ಖುಷಿ, ಮಾಡುವವನಿಗೆ ಉಜ್ಜುವ ಕೆಲಸ ಉಳಿಯುತ್ತದೆ. ಆ ಹೊಳಪು ಎಲ್ಲಿಂದ ಬಂತು ಅಂದರೆ, ಕೊಳೆಯ ಜೊತೆ ಮೇಲ್ಪದರವನ್ನೂ ತಿಂದು ಬಂತು. ಪೇಂಟ್ ಚೆನ್ನಾಗಿರುವ ವೀಲ್ ಒಂದೆರಡು ಸಲ ತಡೆದುಕೊಳ್ಳಬಹುದು. ಕಲ್ಲು ತಾಗಿ ಕ್ಲಿಯರ್ ಕೋಟ್ ಎದ್ದ ಜಾಗ ಇದ್ದರೆ ಆ್ಯಸಿಡ್ ಅಲ್ಲಿಂದಲೇ ಒಳಗೆ ಇಳಿಯುತ್ತದೆ. ಡೈಮಂಡ್ ಕಟ್ ಅಂತ ಕರೆಯುವ, ಮುಖಭಾಗ ಲೇತ್‌ನಲ್ಲಿ ಕಡೆದು ಬೆಳ್ಳಿ ಥರ ಹೊಳೆಯುವ ಅಲಾಯ್‌ಗಳಿಗೆ ಇದು ಇನ್ನೂ ಕೆಟ್ಟದ್ದು. ಅಂಚಿನಿಂದ ಶುರುವಾಗಿ ಕ್ಲಿಯರ್ ಕೋಟ್ ಅಡಿಯಲ್ಲಿ ಬಿಳಿ ಹುಳ ಹರಿದ ಹಾಗೆ ಗೆರೆಗಳು ಹಬ್ಬುತ್ತವೆ. ಅಂಥ ವೀಲ್ ತಂದು "ಪಾಲಿಶ್ ಹೊಡೆದು ಸರಿ ಮಾಡಿ ಅಣ್ಣ" ಅಂತಾರೆ. ಕಲೆ ಇರೋದು ಪದರದ ಅಡಿಯಲ್ಲಿ, ಮೇಲೆ ಪಾಲಿಶ್ ಮಾಡಿ ಏನು ಪ್ರಯೋಜನ? ಹಳೇ ಪದರ ಪೂರ್ತಿ ತೆಗೆದು, ಮತ್ತೆ ಲೇತ್‌ಗೆ ಹಾಕಿ, ಹೊಸದಾಗಿ ಕೋಟ್ ಮಾಡಿಸಬೇಕು. ಪ್ರತಿ ಸಲ ಕಡೆದಾಗಲೂ ಲೋಹ ಸ್ವಲ್ಪ ತೆಳುವಾಗುತ್ತದೆ, ಹಾಗಾಗಿ ಅದನ್ನೂ ಎಷ್ಟು ಸಲ ಬೇಕಾದರೂ ಮಾಡೋಕೆ ಬರಲ್ಲ.

ವೀಲ್ ಹೋದರೆ ದುಡ್ಡು ಕೊಟ್ಟು ತರಬಹುದು. ಕೈ ಹೋದರೆ? ಕೆಲವು ವೀಲ್ ಆ್ಯಸಿಡ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆ್ಯಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಇದು ಬೇರೆ ಆ್ಯಸಿಡ್ ಥರ ಅಲ್ಲ. ತೆಳು ಮಾಡಿದ್ದು ಚರ್ಮಕ್ಕೆ ಬಿದ್ದ ಕೂಡಲೇ ಉರಿಯದೇ ಇರಬಹುದು, ಗಂಟೆಗಳ ನಂತರ ನೋವು ಶುರುವಾಗುತ್ತದೆ, ಅಷ್ಟರಲ್ಲಿ ಅದು ಒಳಗೆ ಇಳಿದು ದೇಹದ ಕ್ಯಾಲ್ಸಿಯಂ ಜೊತೆ ಸೇರಿ ಮೂಳೆವರೆಗೂ ತೊಂದರೆ ಮಾಡಿರುತ್ತದೆ. ಇದಕ್ಕೆ ಹಚ್ಚುವ ಔಷಧಿ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್. ಯಾವ ವಾಶಿಂಗ್ ಸೆಂಟರ್‌ನಲ್ಲಿ ಅದು ಇದೆ ಹೇಳಿ ನೋಡೋಣ! ಹುಡುಗರು ಹವಾಯಿ ಚಪ್ಪಲಿ ಹಾಕಿಕೊಂಡು ಬರಿಗೈಯಲ್ಲಿ ಕೆಲಸ ಮಾಡುವ ಜಾಗದಲ್ಲಿ ಇಂಥದ್ದನ್ನು ಇಡೋದೇ ತಪ್ಪು. ನಮ್ಮ ಧಣಿಗಳ ನಿಯಮ ಒಂದಿದೆ, ಲೇಬಲ್ ಇಲ್ಲದ ಕ್ಯಾನ್ ಗೇಟಿನ ಒಳಗೆ ಬರಬಾರದು. ಎಷ್ಟು ಅಗ್ಗ ಇದ್ದರೂ ಸರಿ. ಐರನ್ ರಿಮೂವರ್ ಬಳಸುವಾಗಲೂ ನೈಟ್ರೈಲ್ ಗ್ಲೌಸ್, ಕನ್ನಡಕ ಬೇಕೇ ಬೇಕು.

ಮನೆಯಲ್ಲಿ ಟಾಯ್ಲೆಟ್ ಕ್ಲೀನರ್ ಹಾಕಿ ವೀಲ್ ತಿಕ್ಕುವವರು ಇದ್ದಾರೆ. ಅದರಲ್ಲೂ ಸಾಮಾನ್ಯವಾಗಿ ಇರೋದು ಹೈಡ್ರೋಕ್ಲೋರಿಕ್ ಆ್ಯಸಿಡ್. ಅದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಜೊತೆಗೆ ಡಿಸ್ಕ್, ನಟ್, ಬೋಲ್ಟ್‌ಗೆಲ್ಲ ತುಕ್ಕು ಹಿಡಿಯುತ್ತದೆ. ಅದರ ಜೊತೆ ಬ್ಲೀಚಿಂಗ್ ಪೌಡರ್ ಸೇರಿಸಿದರೆ ವಿಷದ ಕ್ಲೋರಿನ್ ಗಾಳಿ ಬರುತ್ತದೆ, ತಮಾಷೆ ಅಲ್ಲ. ಆ್ಯಸಿಡ್ ಬೇಡ ಅಂದರೆ ಕಾಸ್ಟಿಕ್ ಸೋಡಾ ಅಂತ ಹೊರಡುವವರೂ ಇದ್ದಾರೆ, ಅದೂ ಅಲ್ಯೂಮಿನಿಯಂ ಅನ್ನು ಆ್ಯಸಿಡ್‌ನಷ್ಟೇ ಚೆನ್ನಾಗಿ ತಿನ್ನುತ್ತದೆ. ಪಾತ್ರೆ ತಿಕ್ಕುವ ಪುಡಿ, ಸ್ಟೀಲ್ ನಾರು, ಹಸಿರು ಸ್ಕ್ರಬ್ಬರ್, ಇವು ಅಡುಗೆಮನೆಯಲ್ಲೇ ಇರಲಿ. ಹುಣಸೆಹುಳಿ ಹಾಕಿ ಉಜ್ಜಿದ ಒಬ್ಬ ಹಿರಿಯರೂ ನಮ್ಮಲ್ಲಿಗೆ ಬಂದಿದ್ದರು. ಹಿತ್ತಾಳೆ ದೀಪಕ್ಕೆ ಆಗೋದು ಇದಕ್ಕೆ ಯಾಕೆ ಆಗಲ್ಲ ಅಂತ ವಾದ. ದೀಪಕ್ಕೆ ಕ್ಲಿಯರ್ ಕೋಟ್ ಇರಲ್ಲ ಅಲ್ವಾ ಭಟ್ರೇ ಅಂದೆ, ನಕ್ಕರು.

ಸ್ಟೀಲ್ ರಿಮ್ ಇರುವವರಿಗೆ ಇಷ್ಟೆಲ್ಲ ಚಿಂತೆ ಇಲ್ಲ. ವೀಲ್ ಕ್ಯಾಪ್ ಪ್ಲಾಸ್ಟಿಕ್, ಶಾಂಪೂ ಸಾಕು. ವರ್ಷಕ್ಕೊಂದೆರಡು ಸಲ ಕ್ಯಾಪ್ ತೆಗೆದು ಒಳಗಿನ ಮಣ್ಣು ತೊಳೆಯಿರಿ, ಒದ್ದೆ ಮಣ್ಣು ಕೂತಲ್ಲೇ ಕೂತರೆ ಪೇಂಟ್ ಕಿತ್ತ ಜಾಗದಲ್ಲಿ ತುಕ್ಕು ಶುರುವಾಗುತ್ತದೆ. ಮ್ಯಾಟ್ ಕಪ್ಪು ವೀಲ್‌ಗೆ ಮಾತ್ರ ಪಾಲಿಶ್, ವ್ಯಾಕ್ಸ್ ಏನೂ ಹಚ್ಚಬೇಡಿ, ಅಲ್ಲಲ್ಲಿ ಹೊಳೆದು ತೇಪೆ ಹಾಕಿದ ಹಾಗೆ ಕಾಣುತ್ತದೆ.

ಪ್ರೆಷರ್ ವಾಷರ್ ಬಗ್ಗೆ ಒಂದು ಮಾತು. ನಾಜಲ್ ಅನ್ನು ಟೈರ್‌ಗೆ ತಾಗಿಸಿ ಹೊಡೆಯೋದು ಬೇಡ, ಕನಿಷ್ಠ 30 ಸೆಂ.ಮೀ. ದೂರ ಇರಲಿ. ಟೈರ್‌ನ ಬದಿಯ ರಬ್ಬರ್‌ಗೆ ಪೆಟ್ಟಾಗುತ್ತದೆ ಅನ್ನೋದು ಒಂದು ಕಾರಣ. ಇನ್ನೊಂದನ್ನು ಯಾರೂ ಯೋಚಿಸಲ್ಲ. ವೀಲ್ ನಡುಗದೆ ಸಮವಾಗಿ ತಿರುಗಲಿ ಅಂತ ಅಲಾಯ್ ಒಳಬದಿಯಲ್ಲಿ ಬ್ಯಾಲೆನ್ಸಿಂಗ್ ತೂಕಗಳನ್ನು ಅಂಟಿಸಿರುತ್ತಾರೆ, 5 ಗ್ರಾಂ, 10 ಗ್ರಾಂನ ಸಣ್ಣ ತುಂಡುಗಳು. ಹತ್ತಿರದಿಂದ ನೀರು ಹೊಡೆದರೆ ಹಳೇ ಅಂಟು ಬಿಟ್ಟು ಅದು ಹಾರಿಹೋಗುತ್ತದೆ. ಆಮೇಲೆ 80-100ರ ವೇಗದಲ್ಲಿ ಸ್ಟೀರಿಂಗ್ ನಡುಗೋಕೆ ಶುರು, ಗ್ಯಾರೇಜ್‌ನವರು ಸಸ್ಪೆನ್ಷನ್ ಬಿಚ್ಚಿ ಹುಡುಕುತ್ತಾರೆ. ಟಾರ್ ರಿಮೂವರ್ ಕೂಡ ಆ ಅಂಟನ್ನು ಕರಗಿಸುತ್ತದೆ, ಹಾಗಾಗಿ ಒಳಬದಿಗೆ ಹಚ್ಚುವಾಗ ತೂಕ ಎಲ್ಲಿದೆ ಅಂತ ಮೊದಲು ನೋಡಿಕೊಳ್ಳುತ್ತೇವೆ.

ಬಕೆಟ್, ಬ್ರಷ್, ಬಟ್ಟೆ ಮೂರೂ ವೀಲ್‌ಗೆ ಬೇರೆಯೇ ಇರಬೇಕು. ನಮ್ಮಲ್ಲಿ ವೀಲ್ ಬಕೆಟ್ ಕಪ್ಪು, ಬಾಡಿಯದ್ದು ನೀಲಿ, ಗೊಂದಲವೇ ಇಲ್ಲ. ಕಬ್ಬಿಣದ ಪುಡಿ ಸೇರಿದ ಬಟ್ಟೆ ಬಾನೆಟ್ ಮೇಲೆ ಬಂದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ತೊಳೆದ ಮೇಲೆ ಒರೆಸಲೇಬೇಕು, ಬೋರ್‌ವೆಲ್ ನೀರು ಗಡಸಾದ ಊರಲ್ಲಂತೂ ಬಿಡಲೇಬಾರದು, ಒಣಗಿದ ಹನಿಯ ಸುಣ್ಣದ ಕಲೆ ಆಮೇಲೆ ಕಾಡಿಸುತ್ತದೆ.

ಟೈರ್ ಕಂದು ಬಣ್ಣಕ್ಕೆ ತಿರುಗೋದು ಬರೀ ಕೊಳೆಯಿಂದ ಅಲ್ಲ. ರಬ್ಬರ್ ಬಿರಿಯದಿರಲಿ ಅಂತ ಅದರಲ್ಲಿ ಸೇರಿಸಿದ ಕೆಮಿಕಲ್ ನಿಧಾನವಾಗಿ ಮೇಲೆ ಬಂದು ಕಂದಾಗುತ್ತದೆ. ಗಟ್ಟಿ ಬ್ರಷ್, ಟೈರ್ ಕ್ಲೀನರ್ ಹಾಕಿ ನೊರೆ ಬಿಳಿಯಾಗುವವರೆಗೆ ತಿಕ್ಕಿ, ಒಣಗಿದ ಮೇಲೆ ನೀರಿನ ಬೇಸ್‌ನ ಟೈರ್ ಪಾಲಿಶ್ ತೆಳ್ಳಗೆ ಹಚ್ಚಿದರೆ ಸಾಕು. ರಸ್ತೆಗೆ ತಾಗುವ ಭಾಗಕ್ಕೆ ಹಚ್ಚಬೇಡಿ, ಜಾರುತ್ತದೆ.

ಇನ್ನು ತೊಳೆದ ಮಾರನೇ ದಿನ ಬರುವ ಫೋನು. "ಡಿಸ್ಕ್ ಎಲ್ಲ ಕೆಂಪಾಗಿದೆ, ಬ್ರೇಕ್ ಹಾಕಿದರೆ ಕರಕರ ಅಂತಿದೆ, ಏನು ಹಾಕಿದ್ರಿ?" ಅಂತ. ಏನೂ ಹಾಕಿಲ್ಲ ಸರ್, ಪೇಂಟ್ ಇಲ್ಲದ ಎರಕದ ಕಬ್ಬಿಣಕ್ಕೆ ನೀರು ತಾಗಿದರೆ ಒಂದು ರಾತ್ರಿಯಲ್ಲಿ ತೆಳು ತುಕ್ಕು ಬರುತ್ತದೆ, ನಾಲ್ಕೈದು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಈಗ ನಾವು ಕೀ ಕೊಡುವಾಗಲೇ ಹೇಳಿಬಿಡುತ್ತೇವೆ: ತೊಳೆದ ಕೂಡಲೇ ಮನೆಯಲ್ಲಿ ನಿಲ್ಲಿಸಬೇಡಿ, ಸ್ವಲ್ಪ ದೂರ ಓಡಿಸಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿ, ಆಮೇಲೆ ನಿಲ್ಲಿಸಿ. ವಾರಗಟ್ಟಲೆ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರ್‌ನಲ್ಲಿ ಬಿಟ್ಟು ವೀಲ್‌ಗೆ ಕಲ್ಲು ಕೊಡಿ.