ಐಡಾ ಎಂಬ ಹೆಸರು ಮುಗಿದ ಮೇಲೆ ಬಂದ ಮಳೆ

2021ರ ಆಗಸ್ಟ್ 31ರ ರಾತ್ರಿ, ಐಡಾ ಎಂಬ ಚಂಡಮಾರುತ ಅಮೆರಿಕದ ದಕ್ಷಿಣ ಕರಾವಳಿಯ ಲೂಸಿಯಾನಾ ರಾಜ್ಯವನ್ನು ಬಡಿದು ನಾವಿರುವ ನ್ಯೂಜೆರ್ಸಿಯತ್ತ ಬರುತ್ತಿದ್ದಾಗ, ಮಾರನೆಯ ದಿನ ಸಂಜೆ ಯಾರೂ ಕಾರು ತೆಗೆಯಬೇಡಿ, ಬೇಸ್‌ಮೆಂಟಿನಲ್ಲಿ ಮಲಗುವವರು ದಯವಿಟ್ಟು ಮೇಲಿನ ಮಹಡಿಗೆ ಬನ್ನಿ ಎಂದು ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಸ್ವಲ್ಪ ಹೊತ್ತಿಗೆ ಗೆಳೆಯರೊಬ್ಬರು, "ಐಡಾ ಲೂಸಿಯಾನಾದಲ್ಲೇ ಮುಗಿಯಿತಲ್ಲ ಸರ್, ಈಗ ಉಳಿದಿರುವುದು ಬರೀ ಮಳೆ ತಾನೇ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಟಿ.ವಿ.ಯವರೂ ಪತ್ರಿಕೆಯವರೂ 'ಐಡಾದ ಅವಶೇಷ' ಎಂದೇ ಹೇಳುತ್ತಿದ್ದರು, ಅವಶೇಷ ಎಂದರೆ ಕಥೆ ಮುಗಿದ ಮೇಲೆ ಉಳಿದ ಚೂರುಪಾರು ಎಂದೇ ಯಾರಾದರೂ ತಿಳಿಯುತ್ತಾರೆ. ಬರೀ ಮಳೆಯೇ ಈ ಸಲದ ಅಪಾಯ ಎಂದು ಉತ್ತರ ಬರೆದೆನಾದರೂ, ಅದನ್ನು ನಾಲ್ಕು ಸಾಲಿನ ಸಂದೇಶದಲ್ಲಿ ವಿವರಿಸಲು ನನಗೆ ಆಗಲಿಲ್ಲ. ಆಗ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ನ್ಯೂಜೆರ್ಸಿಯ ನಡುಭಾಗದ ಎಡಿಸನ್‌ನಲ್ಲಿ. ವೃತ್ತಿಯಿಂದ ಹವಾಮಾನ ತಜ್ಞನಲ್ಲ. ಮನೆಯ ಹಿತ್ತಿಲಿನಲ್ಲಿ ನಾಲ್ಕು ಇಂಚು ಬಾಯಿಯ ಪ್ಲಾಸ್ಟಿಕ್ ಮಳೆಮಾಪಕವೊಂದನ್ನು ಕಂಬಕ್ಕೆ ಕಟ್ಟಿ, ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ಅದರ ಲೆಕ್ಕವನ್ನು ಕೊಕೊರಾಜ್ ಎಂಬ ಸ್ವಯಂಸೇವಕರ ಜಾಲಕ್ಕೆ ಕಳುಹಿಸುವ ಹವ್ಯಾಸ ನನಗಿದೆ. ಕೊಲೊರಾಡೊದ ಫೋರ್ಟ್ ಕಾಲಿನ್ಸ್ ಊರಿನಲ್ಲಿ 1997ರಲ್ಲಿ ಹಠಾತ್ ಪ್ರವಾಹ ಬಂದಾಗ, ಒಂದೇ ಊರಿನ ಎರಡು ಮೂಲೆಗಳಲ್ಲಿ ಮಳೆ ಎಷ್ಟು ಬೇರೆಬೇರೆಯಾಗಿ ಸುರಿಯಬಲ್ಲದೆಂಬುದು ಕಂಡುಬಂದು, ಮರುವರ್ಷ ಈ ಜಾಲ ಹುಟ್ಟಿತು. ಮಾಪಕದ ಒಳಗೊಂದು ಸಣ್ಣ ಕೊಳವೆ ಇದೆ, ಅದು ಒಂದು ಇಂಚು ಮಳೆಗೆ ತುಂಬಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಬಿದ್ದರೆ ನೀರು ಹೊರಗಿನ ದೊಡ್ಡ ಕೊಳವೆಗೆ ಇಳಿಯುತ್ತದೆ, ಬೆಳಿಗ್ಗೆ ಅದನ್ನು ಮತ್ತೆ ಒಳಕೊಳವೆಗೆ ಸುರಿದು ಸುರಿದು ಅಳೆಯಬೇಕು. ಆ ಆಗಸ್ಟಿನಲ್ಲಿ ಹಾಗೆ ಸುರಿದು ಅಳೆಯುವ ಕೆಲಸ ನನಗೆ ಆಗಲೇ ಒಮ್ಮೆ ಬಂದಿತ್ತು. 21 ಮತ್ತು 22ರಂದು ಹೆನ್ರಿ ಚಂಡಮಾರುತದ ಮಳೆ ನ್ಯೂಜೆರ್ಸಿಯ ಈ ಭಾಗವನ್ನು ಚೆನ್ನಾಗಿ ನೆನೆಸಿ ಹೋಗಿತ್ತು, ಅದಕ್ಕೂ ಮೊದಲು ಫ್ರೆಡ್ ಎಂಬ ಇನ್ನೊಂದು ಚಂಡಮಾರುತದ ಅವಶೇಷ ಅಪ್ಪಲೇಚಿಯನ್ ಬೆಟ್ಟಗಳ ಮೇಲೆ ಹಾದುಹೋಗಿತ್ತು. ಐಡಾ ಇತ್ತ ಹೊರಟಾಗ ಇಲ್ಲಿನ ನೆಲಕ್ಕೆ ಇನ್ನಷ್ಟು ನೀರು ಕುಡಿಯುವ ದಾಹವೇ ಇರಲಿಲ್ಲ.

ಆಗಸ್ಟ್ 29ರ ಮಧ್ಯಾಹ್ನದ ಹೊತ್ತಿಗೆ ಐಡಾ ಲೂಸಿಯಾನಾದ ಪೋರ್ಟ್ ಫೋರ್‌ಶಾನ್ ಬಳಿ ನೆಲ ಮುಟ್ಟಿತು. ಗಾಳಿಯ ವೇಗ ಗಂಟೆಗೆ 150 ಮೈಲಿ, ಅಂದರೆ ಸುಮಾರು 240 ಕಿಲೋಮೀಟರ್. ನಾಲ್ಕನೆಯ ವರ್ಗದ ಹರಿಕೇನ್ (ಪ್ರಬಲ ಚಂಡಮಾರುತಕ್ಕೆ ಇಲ್ಲಿ ಹೇಳುವ ಹೆಸರು). ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದ ಕತ್ರೀನಾ ಹರಿಕೇನ್ ಅದೇ ಕರಾವಳಿಯನ್ನು ಬಡಿದು ಅಂದಿಗೆ ಸರಿಯಾಗಿ ಹದಿನಾರು ವರ್ಷವಾಗಿದ್ದುದರಿಂದ ದೇಶದ ಕಣ್ಣೆಲ್ಲ ನ್ಯೂ ಆರ್ಲಿಯನ್ಸ್ ಮೇಲೆಯೇ ಇತ್ತು. ನೆಲದ ಮೇಲೆ ಬಂದ ಹರಿಕೇನಿಗೆ ಕೆಳಗಿನಿಂದ ಕಾವು ಕೊಡುವ ಕಡಲಿಲ್ಲದೆ ಗಾಳಿ ಬೇಗ ಸೊರಗುತ್ತದೆ. ಐಡಾ ಕೂಡ ಮಾರನೆಯ ದಿನವೇ ಮಿಸಿಸಿಪ್ಪಿಯ ಮೇಲೆ ಬರಿಯ ವಾಯುಭಾರ ಕುಸಿತದ ಮಟ್ಟಕ್ಕೆ ಇಳಿಯಿತು. ಅಲ್ಲಿಂದ ಮುಂದೆ ಅದರ ಪ್ರಕಟಣೆಗಳನ್ನು ಮಯಾಮಿಯ ಹರಿಕೇನ್ ಕೇಂದ್ರವಲ್ಲ, ಮೇರಿಲ್ಯಾಂಡಿನಲ್ಲಿರುವ ವೆದರ್ ಪ್ರಿಡಿಕ್ಷನ್ ಸೆಂಟರ್ ಹೊರಡಿಸತೊಡಗಿತು. ಹೊಣೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ದಾಟುವ ಈ ಗಳಿಗೆಯಲ್ಲೇ ಸಾಮಾನ್ಯ ಜನರ ಗಮನ ಕಳಚಿಕೊಳ್ಳುತ್ತದೆ ಎಂಬುದು ನನ್ನ ಅನುಭವ. ಒಂದರಿಂದ ಐದರವರೆಗಿನ ಆ ಹೆಸರಾಂತ ವರ್ಗೀಕರಣ ಅಳೆಯುವುದು ಗಾಳಿಯನ್ನು ಮಾತ್ರ. ಮಳೆಯ ಬಗ್ಗೆ ಅದು ಒಂದು ಮಾತನ್ನೂ ಹೇಳುವುದಿಲ್ಲ. ಗಾಳಿಯ ಅಂಕಿ ಇಳಿದಾಗ ಅಪಾಯವೇ ಇಳಿಯಿತೆಂದು ನಾವು ಓದಿಕೊಳ್ಳುತ್ತೇವೆ.

ಗಾಳಿ ಸೊರಗಿದರೂ ಆ ವ್ಯವಸ್ಥೆ ಮೆಕ್ಸಿಕೊ ಕೊಲ್ಲಿಯಿಂದ ಹೊತ್ತು ತಂದ ತೇವ ಎಲ್ಲಿಯೂ ಹೋಗಿರುವುದಿಲ್ಲ. ಬೆಚ್ಚಗಿನ ಗಾಳಿ ಒಂದೊಂದು ಡಿಗ್ರಿ ಸೆಲ್ಸಿಯಸ್‌ಗೆ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು, ಹಾಗೆ ಹಿಡಿದಿಟ್ಟ ಆವಿಯನ್ನು ಕೆಳಗಿಳಿಸಲು ಅದನ್ನು ಯಾವುದಾದರೂ ಮೇಲಕ್ಕೆತ್ತಬೇಕು, ಅಷ್ಟೆ. ಹರಿಕೇನ್ ಜೀವಂತವಾಗಿದ್ದಾಗ ಆ ಕೆಲಸವನ್ನು ಅದರ ಸುಳಿಯೇ ಮಾಡುತ್ತದೆ. ಉತ್ತರಕ್ಕೆ ಬಂದ ಮೇಲೆ ಬೇರೆ ಎರಡು ಶಕ್ತಿಗಳು ಆ ಕೆಲಸವನ್ನು ವಹಿಸಿಕೊಳ್ಳುತ್ತವೆ. ನೆಲದ ಹತ್ತಿರ, ಕೆನಡಾದ ಕಡೆಯಿಂದ ಇಳಿದ ತಣ್ಣನೆಯ ಒಣಗಾಳಿಯ ಅಂಚಿನ ಮೇಲೆ ಈ ಬೆಚ್ಚಗಿನ ಒದ್ದೆ ಗಾಳಿ ಇಳಿಜಾರು ಹತ್ತಿದಂತೆ ಏರುತ್ತದೆ. ಹತ್ತು ಕಿಲೋಮೀಟರಿನಷ್ಟು ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿಯ ಹೊಳೆ, ಕೆಳಗಿನ ಗಾಳಿಯನ್ನು ಹೊಗೆಗೂಡು ಹೊಗೆಯನ್ನು ಎಳೆದುಕೊಳ್ಳುವಂತೆ ಮೇಲಕ್ಕೆ ಎಳೆಯುತ್ತದೆ. ಸೆಪ್ಟೆಂಬರ್ 1ರಂದು ಅಪ್ಪಲೇಚಿಯನ್ ಬೆಟ್ಟಗಳ ಮೇಲೆ ಐಡಾ ಹೀಗೆ ರೂಪಾಂತರಗೊಂಡಿತು. ಅದು ಉಷ್ಣವಲಯದ ಚಂಡಮಾರುತವಾಗಿ ಉಳಿಯಲಿಲ್ಲ ನಿಜ, ಆದರೆ ಕ್ಷೀಣಿಸಲೂ ಇಲ್ಲ; ಕಡಲಿನ ಕಾವಿನ ಬದಲು ಬಿಸಿಗಾಳಿ ತಣ್ಣಗಾಳಿಗಳ ಅಂತರವನ್ನೇ ಉಂಡು ಅದು ಮತ್ತೆ ಮೈತುಂಬಿಕೊಂಡಿತು. ಇಂಥ ರೂಪಾಂತರದಲ್ಲಿ ಭಾರೀ ಮಳೆಯ ಪಟ್ಟಿ ಕೇಂದ್ರದ ಉತ್ತರಕ್ಕೂ, ಅದು ಸಾಗುವ ದಾರಿಯ ಎಡಕ್ಕೂ ಸರಿಯುತ್ತದೆ. ಆದ್ದರಿಂದಲೇ ನಕ್ಷೆಯಲ್ಲಿ ಕೇಂದ್ರ ಎಲ್ಲಿ ಹಾಯುತ್ತದೆ ಎಂದು ನೋಡಿ, ನಮ್ಮೂರಿನಿಂದ ದೂರವಿದೆ ಎಂದು ಸಮಾಧಾನಪಟ್ಟುಕೊಳ್ಳುವುದು ತಪ್ಪು.

ಇದೆಲ್ಲ ನಮಗೆ, ಕರ್ನಾಟಕದಲ್ಲಿ ಬೆಳೆದವರಿಗೆ, ತೀರ ಹೊಸದಲ್ಲ. ನವೆಂಬರ್ ತಿಂಗಳಲ್ಲಿ ಮದರಾಸಿನ ಕಡೆ ನೆಲ ಹತ್ತಿದ ಸೈಕ್ಲೋನ್ ಮೈಸೂರಿನಲ್ಲಿ ನಾಲ್ಕು ದಿನ ಸೂರ್ಯನನ್ನು ಮುಚ್ಚಿ, ಕಣದಲ್ಲಿದ್ದ ರಾಗಿಯನ್ನು ಮೊಳಕೆ ಬರಿಸಿ ಹೋಗುವುದನ್ನು ನಾವು ಕಂಡವರೇ. ಅದೇ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ, 26ರಂದು, ಗುಲಾಬ್ ಎಂಬ ಚಂಡಮಾರುತ ಉತ್ತರ ಆಂಧ್ರದ ಕರಾವಳಿಯನ್ನು ಹೊಕ್ಕು ದುರ್ಬಲವಾಗಿ, ತೆಲಂಗಾಣ, ಮಹಾರಾಷ್ಟ್ರಗಳನ್ನು ದಾಟಿ ಗುಜರಾತಿನ ಆಚೆ ಅರಬ್ಬೀ ಸಮುದ್ರಕ್ಕೆ ಇಳಿದು, ಅಲ್ಲಿ ಮತ್ತೆ ಬಲಗೂಡಿ ಶಾಹೀನ್ ಎಂಬ ಹೊಸ ಹೆಸರು ಪಡೆದು ಓಮಾನನ್ನು ಮುಟ್ಟಿತು. ಹೆಸರು ಮುಗಿದರೂ ಗಾಳಿಯ ಆ ಗುಂಪು ಮುಗಿದಿರುವುದಿಲ್ಲ.

ಸೆಪ್ಟೆಂಬರ್ 1ರ ಬೆಳಿಗ್ಗೆ ವೆದರ್ ಪ್ರಿಡಿಕ್ಷನ್ ಸೆಂಟರಿನ ಅತಿಮಳೆಯ ಮುನ್ನೋಟದಲ್ಲಿ ಪೆನ್ಸಿಲ್ವೇನಿಯಾದಿಂದ ನ್ಯೂ ಇಂಗ್ಲೆಂಡಿನ ದಕ್ಷಿಣದವರೆಗೆ 'ಹೈ ರಿಸ್ಕ್' ಪಟ್ಟಿ ಬಿದ್ದಿತ್ತು. ಈ ಎರಡು ಪದಗಳನ್ನು ಆ ಕೇಂದ್ರ ಅಗ್ಗವಾಗಿ ಬಳಸುವುದಿಲ್ಲ, ವರ್ಷದಲ್ಲಿ ಕೆಲವೇ ದಿನ ಬಳಸುತ್ತದೆ. ಹಾಗಾಗಿ ಮುನ್ಸೂಚನೆ ಇರಲಿಲ್ಲ ಎಂದು ಆಮೇಲೆ ಹಲವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಮುನ್ಸೂಚನೆ ಇತ್ತು, ಅದು ಹೇಳುತ್ತಿದ್ದ ಮಳೆ ಎಂಥದ್ದೆಂದು ಕಲ್ಪಿಸಿಕೊಳ್ಳಲು ನಮಗೆ ಯಾರಿಗೂ ಆಗಲಿಲ್ಲ.

ಸಂಜೆಯಾಗುತ್ತಿದ್ದಂತೆ ರಾಜ್ಯ ಎರಡಾಗಿ ಸೀಳಿದಂತೆ ಕಂಡಿತು. ದಕ್ಷಿಣ ಜೆರ್ಸಿ ಬೆಚ್ಚಗಿನ ಗಾಳಿಯ ಒಳಗಿತ್ತು. ಅಲ್ಲಿ ಮಳೆಗಿಂತ ಸುಂಟರಗಾಳಿಯ ಭಯ ಹೆಚ್ಚು. ಆರು ಗಂಟೆ ದಾಟುತ್ತಿದ್ದಂತೆ ಮಲ್ಲಿಕಾ ಹಿಲ್ ಎಂಬ ಊರಿನ ಮೇಲೆ ರೇಡಾರಿನಲ್ಲಿ ಹಸಿರು ಕೆಂಪು ಬಣ್ಣಗಳು ಒಂದಕ್ಕೊಂದು ಒತ್ತಿಕೊಂಡು ನಿಂತದ್ದನ್ನು ನೋಡಿ ನನ್ನ ಕೈ ತಣ್ಣಗಾಯಿತು. ಗಾಳಿ ಒಂದು ಕಡೆ ರೇಡಾರಿನತ್ತ ಬರುತ್ತ, ಪಕ್ಕದಲ್ಲೇ ಅದರಿಂದ ದೂರ ಓಡುತ್ತ ಇದ್ದಾಗ ಹಾಗೆ ಕಾಣುತ್ತದೆ. ಆ ಸುಂಟರಗಾಳಿ, ಸೊನ್ನೆಯಿಂದ ಐದರವರೆಗಿನ ಸುಂಟರಗಾಳಿಯ ಅಳತೆಪಟ್ಟಿಯಲ್ಲಿ, ಇಎಫ್-3 ದರ್ಜೆಯದೆಂದು ನಂತರ ಗೊತ್ತಾಯಿತು. ಸಮೀಕ್ಷೆ ಅಂದಾಜಿಸಿದ ಗರಿಷ್ಠ ವೇಗ ಗಂಟೆಗೆ 150 ಮೈಲಿ. ಐಡಾ ಲೂಸಿಯಾನಾದಲ್ಲಿ ಮೊದಲು ನೆಲ ಮುಟ್ಟಿದಾಗಿನ ಅಂಕಿಯೇ, ಮೂರು ದಿನಗಳ ನಂತರ, ಸಾವಿರದ ಐನೂರು ಕಿಲೋಮೀಟರಿಗೂ ಆಚೆ, ಒಂದು ಸಣ್ಣ ಊರಿನ ಮನೆಗಳ ಮೇಲೆ ಮತ್ತೆ ಬಂದಿತ್ತು. ಅವಶೇಷ ಎಂಬ ಪದದ ಮೇಲೆ ನನಗಿರುವ ಸಿಟ್ಟಿಗೆ ಈ ಒಂದು ಅಂಕಿ ಸಾಕು.

ನಾವಿದ್ದ ಉತ್ತರಾರ್ಧದಲ್ಲಿ ಮೋಡಗಳು ರೈಲಿನ ಬೋಗಿಗಳಂತೆ ಒಂದರ ಹಿಂದೊಂದು ಒಂದೇ ಹಳಿಯ ಮೇಲೆ ಬರತೊಡಗಿದವು. ಮಳೆ ಹನಿಯಾಗಿ ಕಾಣದೆ ಕಿಟಕಿಯ ಗಾಜಿನ ಮೇಲೆ ಪರದೆ ಎಳೆದಂತೆ ಇಳಿಯುತ್ತಿತ್ತು, ಮನೆಯೊಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ನ್ಯೂವಾರ್ಕ್‌ನಲ್ಲಿ ಎಂಟರಿಂದ ಒಂಬತ್ತರ ನಡುವಿನ ಒಂದೇ ಗಂಟೆಯಲ್ಲಿ ಮೂರು ಇಂಚಿಗೂ ಹೆಚ್ಚು ಬಿದ್ದು, ದಿನದ ಒಟ್ಟು ಎಂಟು ಇಂಚು ದಾಟಿತು. ರಾಷ್ಟ್ರೀಯ ಹವಾಮಾನ ಸೇವೆಯ ನ್ಯೂಯಾರ್ಕ್ ಕಚೇರಿ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಹಠಾತ್ ಪ್ರವಾಹದ ತುರ್ತುಸ್ಥಿತಿಯನ್ನು ಈಶಾನ್ಯ ನ್ಯೂಜೆರ್ಸಿಗೆ ಘೋಷಿಸಿತು, ಸುಮಾರು ಒಂದು ಗಂಟೆಯ ನಂತರ ಎರಡನೆಯದನ್ನು ನ್ಯೂಯಾರ್ಕ್ ನಗರಕ್ಕೆ. ಸೆಂಟ್ರಲ್ ಪಾರ್ಕಿನಲ್ಲಿ ಒಂದು ಗಂಟೆಯಲ್ಲಿ ಬಿದ್ದದ್ದು 3.15 ಇಂಚು, ಅಂದರೆ 80 ಮಿಲಿಮೀಟರ್. ಅದಕ್ಕೆ ಹಿಂದಿನ ದಾಖಲೆ 1.94 ಇಂಚು, ಅದೂ ಹಳೆಯ ಕಾಲದ್ದಲ್ಲ, ಹನ್ನೊಂದು ದಿನಗಳ ಹಿಂದೆ ಹೆನ್ರಿ ಬರೆದಿಟ್ಟದ್ದು.

ಒಂಬತ್ತೂವರೆಗೆ ನನಗೆ ಪ್ರಶ್ನೆ ಕೇಳಿದ್ದ ಗೆಳೆಯರಿಂದಲೇ ಫೋನ್ ಬಂತು. ಕರೆಂಟು ಹೋಗಿ, ಬೇಸ್‌ಮೆಂಟಿನ ನೀರನ್ನು ಹೊರಹಾಕುವ ಸಂಪ್ ಪಂಪ್ ನಿಂತಿದೆ, ಬೇಸ್‌ಮೆಂಟಿನಲ್ಲಿ ಮೊಣಕಾಲಿನವರೆಗೆ ನೀರು ಬಂದಿದೆ, ಇಳಿದು ಸಾಮಾನು ತೆಗೆಯಲೇ ಎಂದು ಕೇಳಿದರು. ಅವರ ಮನೆಯ ವಿದ್ಯುತ್ ಫಲಕ ಇರುವುದು ಅದೇ ಕೋಣೆಯ ಗೋಡೆಯ ಮೇಲೆ. ಕರೆಂಟು ಯಾವ ಗಳಿಗೆಯಲ್ಲಾದರೂ ಮರಳಿ ಬರಬಹುದಿತ್ತು. ಏನು ಹೋದರೂ ಹೋಗಲಿ, ಒಂದು ಮೆಟ್ಟಿಲೂ ಇಳಿಯಬೇಡಿ ಎಂದು ಗಟ್ಟಿಯಾಗಿ ಹೇಳಿದೆ. ಮಗಳು ಹಿಂದಿನ ರಾತ್ರಿಯೇ ಮೇಲೆ ಬಂದು ಮಲಗಿದ್ದಾಳೆ ಎಂದು ಅವರು ಹೇಳಿದಾಗ ನನಗೆ ಮಾತು ಹೊರಡಲಿಲ್ಲ.

ಎಲ್ಲರಿಗೂ ಹಾಗೆ ಆಗಲಿಲ್ಲ. ನ್ಯೂಯಾರ್ಕ್ ನಗರದಲ್ಲಿ ಸತ್ತ 13 ಜನರಲ್ಲಿ 11 ಜನ ನೆಲಮಾಳಿಗೆಯ ಮನೆಗಳಲ್ಲಿದ್ದವರು. ನ್ಯೂಜೆರ್ಸಿಯಲ್ಲಿ ಸುಮಾರು 30 ಜನ ತೀರಿಕೊಂಡರು; ಅವರಲ್ಲಿ ಬಹಳ ಮಂದಿ ಕೆಲಸ ಮುಗಿಸಿ ಮನೆಗೆ ಹೊರಟು, ರಸ್ತೆಯ ಮೇಲಿನ ನೀರಿನ ಆಳ ತಿಳಿಯದೆ ಕಾರಿನಲ್ಲೇ ಸಿಕ್ಕಿಕೊಂಡವರು. ಅಂದು ಫೋನುಗಳಿಗೆ ಬಂದ ಎಚ್ಚರಿಕೆ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ ಮಾತ್ರ ಇತ್ತು. ಅಷ್ಟು ಸಾಲದೆಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ ಬಹಿರಂಗವಾಗಿಯೇ ಹೇಳಿದರು, ನನಗೂ ಅದು ನ್ಯಾಯವಾದ ಮಾತೆನಿಸುತ್ತದೆ. ಅಪಾಯದ ಗಳಿಗೆಯಲ್ಲಿ ಮನುಷ್ಯನಿಗೆ ಬೇಗ ತಲುಪುವುದು ಮನೆಯ ಮಾತು. ಅಂದಿನಿಂದ ನಮ್ಮ ಗುಂಪಿಗೆ ನಾನು ಬರೆಯುವ ಮುನ್ಸೂಚನೆಯಲ್ಲಿ 'ಅವಶೇಷ' ಎಂಬ ಪದವನ್ನು ಬಿಟ್ಟಿದ್ದೇನೆ; ಎಷ್ಟು ಇಂಚು, ಯಾವ ಗಂಟೆಗೆ, ಯಾವ ರಸ್ತೆ ಮುಳುಗಬಹುದು ಎಂದಷ್ಟೇ ಕನ್ನಡದಲ್ಲಿ ಬರೆಯುತ್ತೇನೆ.

ಸೆಪ್ಟೆಂಬರ್ 2ರ ಬೆಳಿಗ್ಗೆ ಏಳಕ್ಕೆ ಹಿತ್ತಿಲಿಗೆ ಹೋದಾಗ ಆಕಾಶ ತೊಳೆದಿಟ್ಟಂತೆ ನೀಲಿಯಾಗಿತ್ತು, ಗಾಳಿ ತಂಪಾಗಿತ್ತು. ಒಳಕೊಳವೆಯನ್ನು ಆರು ಬಾರಿ ತುಂಬಿ ಚೆಲ್ಲಿ, ಏಳನೆಯ ಬಾರಿ ಅರ್ಧಕ್ಕೆ ಬಂದಾಗ ಹೊರಗಿನ ಕೊಳವೆ ಖಾಲಿಯಾಯಿತು. ಲೆಕ್ಕ ಕಳುಹಿಸಿ, ಗುಂಪಿನಲ್ಲಿ ಇನ್ನೊಂದು ಸಂದೇಶ ಬರೆದೆ: ಬಿಸಿಲು ಬಂದಿದೆ ಎಂದು ಹೊರಡಬೇಡಿ, ರಾರಿಟನ್ ನದಿ ಇನ್ನೂ ಏರುತ್ತಿದೆ. ಬೆಟ್ಟಗಳ ಮೇಲೆ ರಾತ್ರಿ ಬಿದ್ದ ನೀರು ಕೆಳಗಿಳಿದು ಬರಲು ಗಂಟೆಗಟ್ಟಲೆ ಬೇಕು. ಆ ದಿನ ಶುಭ್ರ ಬಿಸಿಲಿನಲ್ಲೇ ಮ್ಯಾನ್‌ವಿಲ್ ಊರಿನ ಬೀದಿಗಳು ನೀರಿನಡಿಯಲ್ಲಿದ್ದವು, ಫಿಲಡೆಲ್ಫಿಯಾದಲ್ಲಿ ಸ್ಕೂಲ್‌ಕಿಲ್ ನದಿ ನೂರು ವರ್ಷಗಳಿಂದ ಕಾಣದ ಎತ್ತರಕ್ಕೆ ಬಂದು ನಗರದ ನಡುವಿನ ಹೆದ್ದಾರಿಯನ್ನು ತುಂಬಿ ಹರಿಯಿತು. ಗೆಳೆಯರು ಈ ಸಲ ಏನೂ ಕೇಳದೆ, "ಮನೆಯಲ್ಲೇ ಇದ್ದೇವೆ ಸರ್, ನದಿ ಇಳಿದ ಮೇಲೆ ತಿಳಿಸಿ" ಎಂದು ಉತ್ತರಿಸಿದರು.