ಗಿಟಾರಿಗೆ ಹೊಸ ಪಿಕಪ್: ‘ಎಷ್ಟು ಕೆ?’ ಎಂಬ ಪ್ರಶ್ನೆಯ ಆಚೆಗೆ

ಎಲೆಕ್ಟ್ರಿಕ್ ಗಿಟಾರಿಗೆ ಹೊಸ ಪಿಕಪ್ (ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಹುಡುಕುವವರು ಮೊದಲು ಕೇಳುವುದು ‘ಎಷ್ಟು ಕೆ?’ ಎಂದು. ಅದರ ಸುರುಳಿಯ ವಿದ್ಯುತ್ ರೋಧ 8 ಕಿಲೋಓಮ್ (ಕೆ) ಇದ್ದರೆ ಸೌಮ್ಯ, 16 ಇದ್ದರೆ ಪ್ರಬಲ ಎಂಬ ನಂಬಿಕೆ ನಮ್ಮಲ್ಲಿ ಚೆನ್ನಾಗಿಯೇ ಬೇರೂರಿದೆ. ಫೆಂಡರ್ ಸ್ಟ್ರ್ಯಾಟೊಕಾಸ್ಟರ್ (ಸ್ಟ್ರ್ಯಾಟ್) ಮಾದರಿಯ ನನ್ನ ಗಿಟಾರಿನಲ್ಲಿ ಬ್ರಿಡ್ಜ್ (ತಂತಿಗಳು ಕೂರುವ ಸೇತುವೆ) ಬಳಿಯ ಹಂಬಕರನ್ನು, ಅಂದರೆ ಎರಡು ಸುರುಳಿಗಳ ಪಿಕಪ್ಪನ್ನು, ಬದಲಿಸಲು ಹೊರಟಾಗ ನಾನು ಆ ಅಂಕಿಯನ್ನು ಬದಿಗಿಟ್ಟೇ ಹುಡುಕಿದೆ.

ಪಿಕಪ್ ಎಂದರೆ ಅಯಸ್ಕಾಂತದ ಜೊತೆ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳು, ಅಷ್ಟೇ. ಅದರ ರೋಧವು ತಂತಿಯ ಉದ್ದ ಮತ್ತು ದಪ್ಪಗಳಿಂದ ನಿರ್ಧಾರವಾಗುತ್ತದೆಯೇ ಹೊರತು ಅಯಸ್ಕಾಂತದ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ಸುತ್ತುಗಳನ್ನು ಹೆಚ್ಚಿಸದೆ ತಂತಿಯನ್ನು ಇನ್ನಷ್ಟು ತೆಳುವಾಗಿಸಿದರೂ ಮಲ್ಟಿಮೀಟರ್ ದೊಡ್ಡ ಅಂಕಿಯನ್ನೇ ತೋರಿಸುತ್ತದೆ. ಸೆಮೋರ್ ಡಂಕನ್ ಅವರ ಜೆಬಿ ಪಿಕಪ್ ಸುಮಾರು 16 ಕಿಲೋಓಮ್, 1970ರ ದಶಕದ ಆರಂಭದಲ್ಲಿ ಬಂದ ಡಿಮಾರ್ಜಿಯೋ ಸೂಪರ್ ಡಿಸ್ಟಾರ್ಶನ್ 14ಕ್ಕಿಂತ ತುಸು ಕಡಿಮೆ. ಆದರೂ ಸೆರಾಮಿಕ್ ಅಯಸ್ಕಾಂತದ ಎರಡನೆಯದನ್ನು ದುರ್ಬಲವೆಂದು ಕರೆಯುವ ವಾದಕರನ್ನು ನಾನಂತೂ ಕಂಡಿಲ್ಲ. ಇನ್ನೂ ಒಂದು ಸಂಗತಿಯಿದೆ: ಉಷ್ಣಾಂಶ 10 ಡಿಗ್ರಿ ಏರಿದರೆ ತಾಮ್ರದ ರೋಧ ಶೇ. 4ರಷ್ಟು ಏರುವುದರಿಂದ, ಚಳಿಗಾಲದ ಬೆಳಗ್ಗೆ 8 ಎಂದು ತೋರಿಸಿದ ಪಿಕಪ್ ಏಪ್ರಿಲ್ ಮಧ್ಯಾಹ್ನದಲ್ಲಿ 8.3 ತೋರಿಸುತ್ತದೆ. ನಾದವೇನೂ ಬದಲಾಗಿರುವುದಿಲ್ಲ.

ನೋಡಬೇಕಾದದ್ದು ಇಂಡಕ್ಟೆನ್ಸ್, ಅಂದರೆ ವಿದ್ಯುತ್ ಪ್ರವಾಹದ ಬದಲಾವಣೆಗೆ ಸುರುಳಿ ಒಡ್ಡುವ ತಡೆ; ಅದರ ಅಳತೆ ಹೆನ್ರಿ. ಸ್ಟ್ರ್ಯಾಟಿನ ಹಳೆಯ ಶೈಲಿಯ, ಒಂದೇ ಸುರುಳಿಯ ಸಿಂಗಲ್ ಕಾಯಿಲ್‌ನಲ್ಲಿ ಅದು ಎರಡು ಹೆನ್ರಿಗಿಂತ ಸ್ವಲ್ಪ ಹೆಚ್ಚು, 1950ರ ದಶಕದ ಗಿಬ್ಸನ್ ಹಂಬಕರಿನ ಮಾದರಿಯಲ್ಲಿ ನಾಲ್ಕರಿಂದ ಐದು, ಜೆಬಿಯಂಥವುಗಳಲ್ಲಿ ಎಂಟರ ಆಸುಪಾಸು. ಈ ಇಂಡಕ್ಟೆನ್ಸ್ ಕೇಬಲ್ಲಿನ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಜೊತೆ ಸೇರಿ ಒಂದು ಅನುರಣನ ಬಿಂದುವನ್ನು, ಅಂದರೆ ಸಿಗ್ನಲ್ ಹೆಚ್ಚು ಎದ್ದು ಕೇಳುವ ಆವರ್ತನವನ್ನು, ಉಂಟುಮಾಡುತ್ತದೆ. ಇಂಡಕ್ಟೆನ್ಸ್ ಹೆಚ್ಚಿದಂತೆ ಆ ಬಿಂದು ಕೆಳಕ್ಕೆ ಸರಿದು, ಮೇಲಿನ ಸೂಕ್ಷ್ಮ ಹೊಳಪು ಮರೆಯಾಗಿ ಮಧ್ಯಮ ಆವರ್ತನಗಳು ಮುಂದೆ ಬರುತ್ತವೆ. ಬಹುಪಾಲು ಜನ ‘ದಪ್ಪ ನಾದ’ ಎನ್ನುವುದು ಇದನ್ನೇ.

ನನ್ನ ಅಗತ್ಯ ಬೇರೆಯದಾಗಿತ್ತು. ನಾದವನ್ನು ತುಸುವೇ ಒರಟಾಗಿಸುವ ಓವರ್‌ಡ್ರೈವ್ ಇಟ್ಟುಕೊಂಡು ಮೋಹನ ರಾಗವನ್ನು ನುಡಿಸುವ ಅಭ್ಯಾಸ ನನಗಿದೆ. ಜಾರು ಮತ್ತು ಗಮಕಗಳಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯೂ ಕೇಳಿಸಬೇಕು. ಆಂಪ್ಲಿಫೈಯರನ್ನು ಮೊದಲೇ ಒದೆಯುವ ಪಿಕಪ್ ಇದ್ದರೆ ಆ ದಾರಿಯೆಲ್ಲ ಒಂದೇ ಮುದ್ದೆಯಾಗುತ್ತದೆ. ಆದ್ದರಿಂದ ಆಲ್ನಿಕೋ 5 (ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್ ಇರುವ ಮಿಶ್ರಲೋಹ) ಅಯಸ್ಕಾಂತದ, ನಾಲ್ಕೂವರೆ ಹೆನ್ರಿಯ ಸುಮಾರಿನ ಹಂಬಕರನ್ನು ಆರಿಸಿದೆ. ಸಿಂಗಲ್ ಕಾಯಿಲ್ ಇನ್ನೂ ಸ್ಪಷ್ಟ, ನಿಜ. ಆದರೆ ಸರಿಯಾದ ಅರ್ತಿಂಗ್ ಇಲ್ಲದ ಸಭಾಂಗಣಗಳಲ್ಲಿ ವಿದ್ಯುತ್ ಸರಬರಾಜಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯ ಜೊತೆ ಆಲಾಪನೆ ಮಾಡುವುದು ನನ್ನಿಂದಾಗದು. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ವಿನ್ಯಾಸ, ಪರಸ್ಪರ ವಿರುದ್ಧವಾಗಿ ಜೋಡಿಸಿದ ಎರಡು ಸುರುಳಿಗಳಿಂದ ಆ ಗದ್ದಲವನ್ನು ರದ್ದುಮಾಡುವ ಹಂಬಕರ್, ಇಂದಿಗೂ ಇದಕ್ಕೆ ಸುಲಭದ ಪರಿಹಾರ.

ಕೊಳ್ಳುವ ಮೊದಲು ವಾಲ್ಯೂಮ್ ಪಾಟ್ (ಧ್ವನಿ ಏರಿಳಿಸುವ ಗುಂಡಿಯ ಕೆಳಗಿನ ಬದಲಾಯಿಸಬಹುದಾದ ರೋಧಕ) ಎಷ್ಟರದೆಂದು ನೋಡಿಕೊಳ್ಳುವುದು ಒಳಿತು. ಹಂಬಕರಿಗೆ ಸಾಮಾನ್ಯವಾಗಿ 500 ಕೆ, ಸಿಂಗಲ್ ಕಾಯಿಲಿಗೆ 250 ಕೆ ಬಳಸುತ್ತಾರೆ. ಹಂಬಕರ್ ಮಂಕಾಗಿದೆ ಎಂದು ದೂರುವವರ ಗಿಟಾರಿನಲ್ಲಿ ಕೆಲವೊಮ್ಮೆ 250ರ ಪಾಟ್ ಕುಳಿತಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಪಾಟಿನ ಬೆಲೆ, ಆಮದು ಪಿಕಪ್ಪಿನ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದು. ಪಿಕಪ್ಪಿನ ಎತ್ತರವನ್ನೂ ಸ್ಕ್ರೂಡ್ರೈವರಿನಿಂದ ಏರಿಳಿಸಿ ಕೇಳಬೇಕು; ಅದಕ್ಕಂತೂ ಖರ್ಚೇ ಇಲ್ಲ.

ಬೆಸುಗೆ ಹಾಕುವಾಗ ಬಣ್ಣಗಳನ್ನು ನಂಬಿ ಕೂರುವಂತಿಲ್ಲ. ನಾಲ್ಕು ತಂತಿಯ ಹಂಬಕರಿನಲ್ಲಿ ಸಿಗ್ನಲ್ ತಂತಿ ಡಂಕನ್‌ಗೆ ಕಪ್ಪು, ಡಿಮಾರ್ಜಿಯೋಗೆ ಕೆಂಪು. ಅರ್ತ್‌ಗೆ ಹೋಗುವುದು ಎರಡರಲ್ಲೂ ಹಸಿರು. ಹೊಸ ಪಿಕಪ್ ಒಂಟಿಯಾಗಿ ಚೆನ್ನಾಗಿ ನುಡಿದು, ಮಧ್ಯದ ಪಿಕಪ್ ಜೊತೆ ಸೇರಿದೊಡನೆ ನಾದ ಸೊರಗಿ ಟೊಳ್ಳಾದರೆ, ಅವೆರಡರ ಫೇಸ್, ಅಂದರೆ ಸಿಗ್ನಲ್ಲಿನ ಏರಿಳಿತ, ಎದುರುಬದುರಾಗಿದೆ ಎಂದರ್ಥ. ಆಗ ಹಂಬಕರಿನ ಸಿಗ್ನಲ್ ತಂತಿಯನ್ನೂ ಹಸಿರು ತಂತಿಯನ್ನೂ ಅದಲುಬದಲು ಮಾಡಬೇಕು. ಹೊದಿಕೆಯಿಲ್ಲದ ಬರಿತಂತಿಯನ್ನು ಮಾತ್ರ ಅರ್ತ್‌ನಿಂದ ಬಿಡಿಸಬಾರದು.